ಮುಷ್ಕರಕ್ಕೆ ಬುತ್ತಿ ಕಟ್ಟಿದ ಹನಮಂತವ್ವ

ಹನಮಂತವ್ವನಿಗೆ ಮನೆ ಮಂದಿಗಾಗುವಷ್ಟು ಸಾರು ಮಾಡಲು ಬರುತ್ತಿರಲಿಲ್ಲ. ಅವಳ ಗಂಡ ಸಕ್ರಪ್ಪ ಊರ ಕಟ್ಟೆಯ ಮೇಲೆ ಕುಳಿತಾಗ ಹೇಳುತ್ತಿದ್ದ ಮೊದಲ ದೂರು ಇದು, ಕೊನೆಯ ದೂರೂ ಇದೇ. ಹತ್ತೊಂಬತ್ತು ವರ್ಷ ಸರ್ಕಾರಿ ಶಾಲೆಯ ಬಿಸಿಯೂಟದ ಒಲೆಯ ಮುಂದೆ ನಿಂತು ಅವಳ ಕೈ ನೂರಾ ಹದಿನೆಂಟು ಮಕ್ಕಳ ಅಳತೆಗೆ ಕುಳಿತುಬಿಟ್ಟಿತ್ತು. ಭಾನುವಾರ ಮನೆಯಲ್ಲಿ "ಇವತ್ತ ಒಂಚೂರ ಮಾಡ್ತೇನಿ" ಎಂದು ಬೇಳೆಯ ಡಬ್ಬಿಗೆ ಕೈ ಹಾಕುವಳು. ಹಾಕಿದ ಕೈ ಹೊರಗೆ ಬರುವ ಹೊತ್ತಿಗೆ ಡಬ್ಬಿ ಅರ್ಧ ಖಾಲಿಯಾಗಿರುತ್ತಿತ್ತು. ಆಮೇಲೆ ತಂಬಿಗೆ ಹಿಡಿದು ಓಣಿಯ ಆ ತುದಿಯವರೆಗೂ ಸಾರು ಹಂಚಿ ಬರುವ ಕೆಲಸ ಸಕ್ರಪ್ಪನದು. ಬೇಸಿಗೆ ರಜೆಯಲ್ಲಂತೂ ಓಣಿಯ ಹೆಂಗಸರು ಬೇಳೆ ಕೊಳ್ಳುವುದನ್ನೇ ಬಿಡುತ್ತಿದ್ದರು.

"ನನ್ನ ಲಗ್ನ ಒಬ್ಬಾಕಿ ಕೂಡ ಆತು," ಎನ್ನುತ್ತಿದ್ದ ಸಕ್ರಪ್ಪ. "ಆದ್ರ ಅಕಿ ಅಡಿಗಿ ಮಾಡೂದು ಇಡೀ ಬೀಗರ ಬಳಗಕ್ಕ."

ಊರು ಸಣ್ಣದು. ಡೋಣಿಯಲ್ಲಿ ಬಸ್ಸಿಳಿದು ಕಪ್ಪತಗುಡ್ಡದ ಕಡೆ ಅರ್ಧ ತಾಸು ನಡೆದರೆ ಸಿಗುತ್ತದೆ. ಶಾಲೆ ಒಂದರಿಂದ ಏಳರವರೆಗೆ. ಮೂಲೆಯಲ್ಲಿ ಅಡುಗೆ ಕೋಣೆ, ಅದರ ಬೀಗದ ಕೈ ಹನಮಂತವ್ವನ ಸೊಂಟದಲ್ಲಿ. ಜೊತೆಗೆ ಸಹಾಯಕ್ಕೆ ರಾಮವ್ವ ಇದ್ದಳು. ಆದರೆ ಮಕ್ಕಳ ಪಾಲಿಗೆ ಅಡುಗೆಯೆಂದರೆ ಹನಮಂತವ್ವನೇ. ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಊಟದ ಗಂಟೆ. ಗಡಿಯಾರ ಓದಲು ಬಾರದಿದ್ದರೂ ಆ ಹೊತ್ತು ಅವಳ ಮೈಗೆ ಗೊತ್ತಾಗುತ್ತಿತ್ತು. ಎಲ್ಲಿದ್ದರೂ ಆ ಹೊತ್ತಿಗೆ ಎದುರಿಗೆ ಹಸಿದ ಮುಖ ಕಂಡರೆ ಬಲಗೈ ತಾನಾಗಿಯೇ ಸೌಟು ಹುಡುಕುತ್ತಿತ್ತು.

ಒಂದನೇ ಇಯತ್ತೆಗೆ ಹೊಸದಾಗಿ ಸೇರಿದ ಮಕ್ಕಳು ಅವ್ವನನ್ನು ನೆನೆದು ಅತ್ತು, ಊಟ ಒಲ್ಲೆ ಎಂದು ಹಟ ಹಿಡಿಯುವುದುಂಟು. ಮಾಸ್ತರರು ಗದರಿಸಿ, ರಮಿಸಿ ಸೋತ ಮೇಲೆ ಹನಮಂತವ್ವನನ್ನು ಕರೆಯುವರು. ಅವಳು ಮಗುವಿನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ತುತ್ತು ಕಲಸಿ, "ಬಾಯಿ ತೆಗಿ" ಎನ್ನುವಳು. ಅದು ಬೈಗುಳವಲ್ಲ, ಮುದ್ದೂ ಅಲ್ಲ. ಸೂರ್ಯ ಮೂಡಿದ ಎಂದು ಹೇಳಿದ ಹಾಗೆ ಹೇಳುವಳು. ಆ ಧ್ವನಿ ಕೇಳಿಯೂ ಬಾಯಿ ಮುಚ್ಚಿಕೊಂಡ ಮಗುವನ್ನು ಆ ಶಾಲೆ ಇನ್ನೂ ಕಂಡಿರಲಿಲ್ಲ.

ಇಂಥ ಹನಮಂತವ್ವ ಎರಡು ವರ್ಷದ ಹಿಂದೆ ಒಮ್ಮೆ ಒಲೆ ಆರಿಸಿ, ರಾಮವ್ವನನ್ನೂ ಕರೆದುಕೊಂಡು ಮುಷ್ಕರಕ್ಕೆ ಹೋಗಿದ್ದಳು.

ಕರೆದವಳು ಹಾಜಿರಾಬಿ. ಹಿರೇವಡ್ಡಟ್ಟಿಯ ಕಡೆಯ ಒಂದು ಶಾಲೆಯಲ್ಲಿ ಅಡುಗೆ ಮಾಡುವವಳು, ಬಿಸಿಯೂಟದ ಹೆಂಗಸರ ಸಂಘಕ್ಕೆ ತಾಲೂಕಿನ ಲೀಡರು. ಅರವತ್ತು ತುಂಬಿದ ಅಡುಗೆಯವರನ್ನು ಬರಿಗೈಯಲ್ಲಿ ಮನೆಗೆ ಕಳಿಸಬಾರದು ಎಂಬುದು ಬೇಡಿಕೆ. ಹನಮಂತವ್ವನಿಗೆ ಇದು ಎದೆಗೆ ನಾಟಿತು. ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅಂದಿನ ಹೆಡ್ಮಾಸ್ತರು ಹುಟ್ಟಿದ ದಿನ ಯಾವುದೆಂದು ಕೇಳಿದ್ದರು. ಅವಳು "ನಮ್ಮ ಕರೇ ಎಮ್ಮಿ ಈದ ವರ್ಷರೀ" ಎಂದಿದ್ದಳು. ಅವರು ಎಮ್ಮೆಯ ವಿಚಾರಕ್ಕೆ ಹೋಗದೆ, ಮುಖ ನೋಡಿ ಒಂದು ಇಸವಿ ಊಹಿಸಿ, ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಂಡರು. ಆ ಊರಿನ ಅರ್ಧ ಜನ ಹುಟ್ಟಿದ್ದು ಜೂನ್ ಒಂದಕ್ಕೇ. ಹೀಗಾಗಿ ಮೈಯಲ್ಲಿ ಇನ್ನೂ ಐದಾರು ವರ್ಷದ ಕಸುವಿದ್ದರೂ ಕಾಗದದ ಪ್ರಕಾರ ಅವಳು ಅರವತ್ತರ ಬಾಗಿಲಿಗೆ ಬಂದಿದ್ದಳು.

ಆರು ದಿನ ಗದಗಿನಲ್ಲಿ ರಸ್ತೆಯ ಮೇಲೆ ಕುಳಿತಳು. ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡಳು. ಸಾಹೇಬರೊಬ್ಬರು ಬಂದು ಮನವಿ ತೆಗೆದುಕೊಂಡು ಮೇಲೆ ಕಳಿಸುತ್ತೇವೆ ಎಂದರು. ಮನವಿ ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಏಳನೆಯ ದಿನ ಅವಳು ಶಾಲೆಗೆ ಬಂದು ನೋಡಿದರೆ ದೊಡ್ಡ ಪಾತ್ರೆಯ ತಳದಲ್ಲಿ ಉಪ್ಪಿಟ್ಟು ಡಾಂಬರು ಹಾಕಿದ ಹಾಗೆ ಅಂಟಿ ಕುಳಿತಿತ್ತು. ಈಗಿನ ಹೆಡ್ಮಾಸ್ತರು ಗವಿಸಿದ್ದೇಶ ಸರ್ ಆರು ದಿನವೂ ತಾವೇ ಒಲೆಯ ಮುಂದೆ ನಿಂತು ಮಾಡಿದ್ದ, ಮಕ್ಕಳು ಬಾಯಿಗಿಡದೆ ಬಿಟ್ಟಿದ್ದ ಉಪ್ಪಿಟ್ಟು. ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಅವರು ಸಿಟ್ಟಿನಲ್ಲಿ ಒಂದು ಮಾತು ಅಂದುಬಿಟ್ಟರು:

"ಹೋರಾಟ ನಿಮ್ಮದು, ಉಪವಾಸ ಮಕ್ಕಳದು. ಇದ್ಯಾವ ನ್ಯಾಯ ಹನಮಂತವ್ವ?"

ಬಾಯಿಗೆ ಬಾಯಿ ಕೊಡುವ ಹನಮಂತವ್ವ ಅಂದು ಪಾತ್ರೆ ತಿಕ್ಕಲು ಕುಳಿತಳು. ಮೂರು ದಿನ ತಿಕ್ಕಿದ ಮೇಲೆ ಪಾತ್ರೆ ಬೆಳ್ಳಗಾಯಿತು, ಮಾತು ಮಾತ್ರ ಎದೆಯಲ್ಲಿ ಹತ್ತಿಕೊಂಡೇ ಉಳಿಯಿತು. ಅದು ಸುಳ್ಳು ಮಾತಾಗಿದ್ದರೆ ಎಂದೋ ಮರೆಯುತ್ತಿದ್ದಳು.

ಈ ವರ್ಷ ಡಿಸೆಂಬರದಲ್ಲಿ ಮಾಸ್ತರರ ಸರದಿ ಬಂತು. ಹಳೇ ಪಿಂಚಣಿ ಬೇಕೆಂದು ತಾಲೂಕಿನ ಮಾಸ್ತರರೆಲ್ಲ ಶಾಲೆಗೆ ಬೀಗ ಹಾಕಿ, ಮುಂಡರಗಿಯಲ್ಲಿ ತಹಶೀಲ್ದಾರರ ಕಚೇರಿಯ ಮುಂದೆ ಪೆಂಡಾಲು ಹೊಡೆದು ಕುಳಿತರು. ಹೊರಡುವ ದಿನ ಗವಿಸಿದ್ದೇಶ ಸರ್ ಅಕ್ಕಿಯ ಕೋಣೆಗೆ ಬೀಗ ಹಾಕುತ್ತಿದ್ದಾಗ ಹನಮಂತವ್ವ ಬಾಗಿಲಲ್ಲಿ ನಿಂತಳು.

"ಪಿಂಚಣಿ ಅಂದ್ರ ಏನ್ರಿ ಸರ?"

"ದುಡಿಯೂದು ಬಿಟ್ಟ ಮ್ಯಾಲೂ ಹೊಟ್ಟಿಗೆ ಬರೂದವ್ವ."

"ಹಂಗಾದ್ರ ಅದು ನಮಗೂ ಬೇಕಲ್ರಿ."

"ಮೊದಲ ನಮಗ ಆಗಲಿ. ಆಮ್ಯಾಲ ನಿಮ್ಮದೂ ಬರತೈತಿ."

"ನಾವು ಗದಗಿನ್ಯಾಗ ಕುಂತಾಗ ನೀವು ಹಿಂಗ ಅನ್ನಲಿಲ್ಲ ಬಿಡ್ರಿ," ಎಂದಳು. ಸರ್ ಕೇಳಿಸದವರಂತೆ ಬೀಗ ಎರಡು ಸಲ ಜಗ್ಗಿ ನೋಡಿ ಹೋದರು. ಮಾಸ್ತರರು ಹಾಜರಿ ಬರೆಯದೆ ಅಕ್ಕಿ ತೆಗೆಯುವಂತಿಲ್ಲ ಎಂಬುದು ಸರ್ಕಾರದ ಕಟ್ಟಳೆ. ಒಲೆ ಅವಳದು, ಅಡುಗೆ ಕೋಣೆಯ ಬೀಗದ ಕೈ ಅವಳದು, ಅಕ್ಕಿ ಮಾತ್ರ ಸರ್ಕಾರದ್ದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಆ ಶಾಲೆಯಲ್ಲಿ ವರ್ಷಾ ವರ್ಷಾ ಕಲಿಸುತ್ತಿದ್ದರು. ಮರುದಿನದಿಂದ ಅದನ್ನು ಕಣ್ಣಾರೆ ನೋಡುವ ಯೋಗ ಊರಿಗೆ ಬಂತು. ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಹೆಂಗಸರು ಬೆಳಿಗ್ಗೆ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಮಕ್ಕಳು ಓಣಿ ಓಣಿ ಅಲೆದರು. ಹನ್ನೆರಡೂ ನಲವತ್ತಾದೊಡನೆ, ಯಾರೂ ಗಂಟೆ ಹೊಡೆಯದಿದ್ದರೂ, ಐದಾರು ಮಕ್ಕಳು ತಾಟು ಹಿಡಿದು ಹನಮಂತವ್ವನ ಅಂಗಳಕ್ಕೆ ಬಂದು ಸಾಲಾಗಿ ಕುಳಿತವು. ಸಾಲಿನ ಮುಂದೆ ಅವಳ ಮಗಳ ಮಗಳು ರಂಜನಾ. ತಾಯಿ ಬೆಟಗೇರಿಯಲ್ಲಿ ಮಗ್ಗದ ಕೆಲಸಕ್ಕೆ ನಸುಕಿನಲ್ಲೇ ಹೋಗಬೇಕಾದ್ದರಿಂದ ಆ ಹುಡುಗಿ ಅಜ್ಜಿಯ ಹತ್ತಿರವೇ ಇದ್ದು ಐದನೆಯ ಇಯತ್ತೆ ಓದುತ್ತಿದ್ದಳು.

"ಇಲ್ಲ್ಯಾಕ ಬಂದ್ರ್ಯಾ?" ಎಂದಳು ಹನಮಂತವ್ವ.

"ಸಾಲಿಗೆ ಬೀಗ ಹಾಕ್ಯಾರ ಆಯಿ. ಹೊಟ್ಟಿಗೆ ಯಾರೂ ಹಾಕಿಲ್ಲ," ಎಂದಳು ರಂಜನಾ.

ಅಂದು ಸಕ್ರಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ಸಾರು ಹಂಚಲು ತಂಬಿಗೆ ಹಿಡಿಯಲಿಲ್ಲ. ಪಾತ್ರೆ ಅಂಗಳದಲ್ಲೇ ಖಾಲಿಯಾಯಿತು. ಅವನಿಗೆ ಇದು ಬಹಳ ಚೆಂದವೆನಿಸಿತು. ಆದರೆ ಮಕ್ಕಳ ನಡುವೆ ಖಬರು ಹರಡಲು ಪೇಪರು ಬೇಕೇ? ಎರಡನೆಯ ದಿನ ಹದಿನೈದು ತಾಟು, ನಾಲ್ಕನೆಯ ದಿನ ಮೂವತ್ತಾರು. ಬೇಳೆಯ ಡಬ್ಬಿಯ ತಳ ಕಂಡಿತು. ವರ್ಷಕ್ಕೆಂದು ಇಟ್ಟ ಜೋಳದ ಚೀಲದ ಬಾಯಿ ಸಡಿಲಾಗಿ ಜೋತುಬಿತ್ತು. ಹೊಲದಿಂದ ಬಂದ ಹೆಂಗಸರು ಬೊಗಸೆ ಅಕ್ಕಿ, ಎರಡು ಬದನೆಕಾಯಿ ಎಂದು ತಂದುಕೊಟ್ಟರು. ಆದರೆ ಬೊಗಸೆಯಿಂದ ಮೂವತ್ತಾರು ಹೊಟ್ಟೆ ತುಂಬುವುದುಂಟೆ?

"ಮಾಸ್ತರಗೋಳು ಮುಷ್ಕರ ಮಾಡಿದ್ದು ಸರ್ಕಾರದ ಮ್ಯಾಲೋ, ನನ್ನ ಜೋಳದ ಚೀಲದ ಮ್ಯಾಲೋ?" ಎಂದ ಸಕ್ರಪ್ಪ.

ಹನಮಂತವ್ವ ಚೀಲದೊಳಗೆ ಕೈ ಹಾಕಿ ತಡವಿ ನೋಡಿದಳು. ಇನ್ನು ಎರಡು ದಿನಕ್ಕಾಗುವಷ್ಟಿತ್ತು, ಮೂರನೆಯ ದಿನ ಅಂಗಳದಲ್ಲಿ ಕುಳಿತ ಮಕ್ಕಳಿಗೆ ಇಲ್ಲ ಎನ್ನಬೇಕು. ಇಲ್ಲ ಎಂಬ ಮಾತನ್ನು ತಾಟು ಹಿಡಿದವರಿಗೆ ಅವಳು ಹೇಳಿದವಳಲ್ಲ. ಅದು ಹೇಗೆ ಹೇಳುವುದೋ ಅವಳಿಗೆ ಗೊತ್ತೇ ಇರಲಿಲ್ಲ.

ಸಾಲದ್ದಕ್ಕೆ ಹಾಜಿರಾಬಿಯ ಫೋನು ಬಂತು.

"ಹನಮಂತವ್ವಾ, ನಾಳೆ ಮುಂಡರಗಿಗೆ ಬಾ. ಮಾಸ್ತರರಿಗೆ ನಮ್ಮ ಸಂಘದ ಬೆಂಬಲ ಕೊಡೂದೈತಿ. ದುಡಿಯೋರೆಲ್ಲಾ ಒಂದ."

"ನಾವು ಕುಂತಾಗ ಅವರು ಒಂದ ಆಗಿರಲಿಲ್ಲ ತಂಗಿ. ಉಪ್ಪಿಟ್ಟು ಮಾಡಕೋತ ನಿಂತಿದ್ರು."

"ಅವರು ತಪ್ಪು ಮಾಡ್ಯಾರಂತ ನಾವೂ ಮಾಡೂದೇನು?"

"ಹುಡುಗರು ನನ್ನ ಅಂಗಳದಾಗ ಕುಂತಾವ. ಅವು ಯಾವ ಸಂಘದಾವು?" ಎಂದು ಹನಮಂತವ್ವ ಫೋನು ಇಟ್ಟಳು. ಇಟ್ಟ ಮೇಲೆ ಹಾಜಿರಾಬಿ ಹೇಳಿದ್ದೂ ಖರೆ ಎನಿಸಿತು. ಮಾಸ್ತರರ ಮೇಲೆ ಸಿಟ್ಟಿತ್ತು, ಅವರು ಕೇಳುತ್ತಿರುವುದು ನ್ಯಾಯ ಎಂಬುದೂ ತಿಳಿದಿತ್ತು. ಒಂದೇ ಎದೆಯಲ್ಲಿ ಎರಡನ್ನೂ ಇಟ್ಟುಕೊಂಡು ರೊಟ್ಟಿ ಬಡಿಯುವುದು ಬಹಳ ತ್ರಾಸಿನ ಕೆಲಸ. ಅಂದಿನ ರೊಟ್ಟಿಗಳೆಲ್ಲ ಅಂಚು ಹರಿದೇ ಬಂದವು.

ಆರನೆಯ ದಿನ ಪಾಲಕರು ಗುಡಿಯ ಮುಂದೆ ಕೂಡಿದರು. ಮುಂಡರಗಿಗೆ ಹೋಗಿ ಮಾಸ್ತರರಿಗೆ ನಾಲ್ಕು ಮಾತು ಅಂದು, ಎಬ್ಬಿಸಿಕೊಂಡು ಬರುವುದೆಂದು ಠರಾವಾಯಿತು. ಶಾಲಾ ಸಮಿತಿಯ ಅಧ್ಯಕ್ಷ ಮೌನೇಶ ಮುಂದಾಳು. ಹೆಸರು ಮೌನೇಶ, ಬಾಯಿ ಮಾತ್ರ ಗಿರಣಿ. ಆದರೂ ಖಾರವಾಗಿ ಮಾತಾಡುವವರು ಒಬ್ಬರಿರಲಿ ಎಂದು ಎಲ್ಲರೂ ಹನಮಂತವ್ವನ ಕಡೆ ನೋಡಿದರು.

"ಬರ್ತೇನಿ," ಎಂದಳು ಅವಳು. "ನನ್ನ ಹತ್ತಿರ ಒಂದು ಮಾತು ಐತಿ. ಅವರದ. ಅವರಿಗೇ ತಿರುಗಿ ಕೊಡೂದೈತಿ."

ಮರುದಿನ ಹೊರಟವರು ಹನ್ನೊಂದು ಹೆಂಗಸರು, ಇಬ್ಬರು ಗಂಡಸರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ನಿಯೋಗದಲ್ಲಿ ಅವರೇ ಹೆಚ್ಚು. ಟಿಕೀಟು ತೆಗೆಸಿದ ಮೌನೇಶ ಮತ್ತು ಸಕ್ರಪ್ಪ ದಾರಿಯುದ್ದಕ್ಕೂ ಅದನ್ನು ನೆನಪಿಸುತ್ತಲೇ ಇದ್ದರು. ಹದಿಮೂರು ಮಂದಿಗೆ ಬುತ್ತಿ ಕಟ್ಟುವ ಕೆಲಸ ಹನಮಂತವ್ವನದು. ಊರವರೆಲ್ಲ ಹಿಟ್ಟು, ಬದನೆಕಾಯಿ, ಶೇಂಗಾ ಕೂಡಿಸಿ ಕೊಟ್ಟಿದ್ದರು. ಹದಿಮೂರು ಎಂಬ ಅಳತೆ ಅವಳ ಕೈಗೆ ಗೊತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬಸ್ಸಿಗೆ ಹತ್ತಿದ್ದು ಎರಡು ಬುಟ್ಟಿ ರೊಟ್ಟಿ, ಒಂದು ದೊಡ್ಡ ಡಬರಿ ತುಂಬ ಎಣ್ಣೆಗಾಯಿ ಬದನೆಕಾಯಿ, ಒಂದು ಡಬ್ಬಿ ಶೇಂಗಾ ಹಿಂಡಿ, ಕೊಡದಲ್ಲಿ ಮಜ್ಜಿಗೆ.

"ಏನವ್ವ, ಲಗ್ನಕ್ಕ ಹೊಂಟೀರೇನು?" ಎಂದ ಕಂಡಕ್ಟರ.

"ಜಗಳಾಡಾಕ," ಎಂದಳು ಹನಮಂತವ್ವ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತು ಅವಳು ಆ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಹೋರಾಟ ನಿಮ್ಮದು, ಉಪವಾಸ ಮಕ್ಕಳದು. ಇದ್ಯಾವ ನ್ಯಾಯ ಸರ? ಎರಡು ವರ್ಷ ಎದೆಯಲ್ಲಿಟ್ಟ ಮಾತು ಉಪ್ಪಿನಕಾಯಿಯ ಹಾಗೆ ಚೆನ್ನಾಗಿ ಕಳಿತಿತ್ತು. ಮುಂಡರಗಿ ಬರುವುದರೊಳಗೆ ಹತ್ತು ಸಲ ಹೇಳಿ ನೋಡಿದಳು, ಎಲ್ಲಿಯೂ ತಡವರಿಸಲಿಲ್ಲ.

ಪೆಂಡಾಲಿನಲ್ಲಿ ನೂರಕ್ಕೂ ಹೆಚ್ಚು ಮಾಸ್ತರರು, ಶಿಕ್ಷಕಿಯರು ಜಮಖಾನೆಯ ಮೇಲೆ ಕುಳಿತಿದ್ದರು. ಮೈಕು ಹಿಡಿದಿದ್ದವರು ಅವರ ಸಂಘದ ಕಾರ್ಯದರ್ಶಿ ಮಾಶಾಕ ಮಾಸ್ತರು. ಬದಿಗೆ ಕೆಂಪು ಬಾವುಟ ಹಿಡಿದು ಹಾಜಿರಾಬಿಯೂ ಕುಳಿತಿದ್ದಳು. ಮೌನೇಶ ತೋಳೇರಿಸಿ ಮುಂದೆ ನುಗ್ಗಿದ. "ಏನ್ರೀ ಮಾಸ್ತರ, ನಿಮಗ..." ಎನ್ನುವಷ್ಟರಲ್ಲಿ ಯಾರೋ ಎದ್ದು "ಬರ್ರಿ ಅಧ್ಯಕ್ಷರ, ಕುಂಡ್ರಿ" ಎಂದು ಕುರ್ಚಿ ಕೊಟ್ಟರು, ಇನ್ನೊಬ್ಬರು ಚಹಾ ಕೊಟ್ಟರು. ಕೊಟ್ಟ ಚಹಾ ಕೈಯಲ್ಲಿ ಹಿಡಿದುಕೊಂಡು ಕೊಟ್ಟವರನ್ನೇ ಬೈಯುವ ಪದ್ಧತಿ ನಮ್ಮ ಕಡೆ ಇಲ್ಲ. ಮೌನೇಶ ಅಂದು ಮೊದಲ ಸಲ ಹೆಸರಿಗೆ ತಕ್ಕವನಾದ.

ಹಾಜಿರಾಬಿ ಹನಮಂತವ್ವನನ್ನು ಕಂಡು ಮಾಶಾಕ ಮಾಸ್ತರರ ಕಿವಿಯಲ್ಲಿ ಏನೋ ಹೇಳಿದಳು. ಮಾಸ್ತರರು ತಕ್ಷಣ ಮೈಕಿನಲ್ಲಿ, "ಬಿಸಿಯೂಟದ ತಾಯಂದಿರು ನಮ್ಮ ಹೋರಾಟಕ್ಕ ಬೆಂಬಲ ಕೊಡಾಕ ಬಂದಾರ! ಹನಮಂತವ್ವಾರು ಎರಡು ಮಾತು ಹೇಳಬೇಕು," ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಜಗಳಕ್ಕೆ ಬಂದವಳಿಗೆ ಮೈಕು ಕೈಗೆ ಕೊಟ್ಟರೆ ಬೇಡ ಎನ್ನುವಳೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಹೋದಳು. ಪೇಪರಿನವರು ಇಬ್ಬರು ಮೊಬೈಲು ಎತ್ತಿದರು.

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಯಾರಿಗೆ ಕೊಡಬೇಕೋ ಅವರನ್ನು ಹುಡುಕಿ ಕಣ್ಣು ಇಳಿಸಿದಳು. ಗವಿಸಿದ್ದೇಶ ಸರ್ ಎದುರಿಗೇ ಇದ್ದರು. ಪೆಂಡಾಲಿನಲ್ಲಿ ದಿನಕ್ಕೊಬ್ಬರಂತೆ ಸರದಿಯ ಉಪವಾಸ, ಬೆಳಗಿನಿಂದ ಸಂಜೆ ಐದರವರೆಗೆ. ಅಂದು ಅವರ ಸರದಿ. ಹಿಂದಿನ ರಾತ್ರಿ ಸಣ್ಣ ಮಗುವಿನ ಹಾಗೆ ಮುನಿಸಿಕೊಂಡು ಊಟ ಬಿಟ್ಟಿದ್ದರೋ ಏನೋ, ಕೊರಳಲ್ಲಿ ಚೆಂಡುಹೂವಿನ ಹಾರ, ಅದರ ಮೇಲೆ ಬತ್ತಿದ ಮುಖ, ಒಣಗಿದ ತುಟಿ. ಬಿಸಿಲಿಗೆ ಹಾರವೂ ಬಾಡಿತ್ತು, ಅವರೂ ಬಾಡಿದ್ದರು. ಹೊತ್ತು ಹನ್ನೆರಡೂ ನಲವತ್ತು.

"ಹೋರಾಟ ನಿಮ್ಮದು," ಎಂದಳು ಹನಮಂತವ್ವ ಮೈಕಿನಲ್ಲಿ. ಅಲ್ಲಿಗೆ ನಿಂತಳು. ಪೆಂಡಾಲು ಕಾಯಿತು. "ಯಾಕ್ರೀ ಸರ, ಮುಖ ಹಿಂಗ ಬಾಡೈತಿ? ಉಂಡಿಲ್ಲೇನು?"

ಮಂದಿ ನಕ್ಕರು. ಸರ್ ಕ್ಷೀಣ ಧ್ವನಿಯಲ್ಲಿ, "ಉಪವಾಸ ಐತವ್ವ," ಎಂದರು.

"ಯಾವ ದೇವರದು?"

"ದೇವರದಲ್ಲವ್ವ, ಸಂಘದ್ದು."

ಹನಮಂತವ್ವನಿಗೆ ಮುಂದಿನದು ಸರಿಯಾಗಿ ನೆನಪಿಲ್ಲ. ತಾನು ಜಗಳಕ್ಕೆ ಬಂದವಳು, ಮೈಕಿನ ಮುಂದೆ ನಿಂತವಳು ಎಂಬುದೆಲ್ಲ ಮರೆಯಿತು. ಎದುರಿಗೆ ಹಸಿದ ಒಂದು ಮುಖ, ಊಟ ಒಲ್ಲೆ ಎನ್ನುತ್ತಿದೆ, ಅಷ್ಟೇ. ಬುಟ್ಟಿಯ ಹತ್ತಿರ ಹೋದಳು, ರೊಟ್ಟಿ ಮುರಿದಳು, ಎಣ್ಣೆಗಾಯಿ ಹಚ್ಚಿ ತುತ್ತು ಮಾಡಿದಳು, ಬಂದು ಹೆಡ್ಮಾಸ್ತರರ ಎದುರು ಕುಕ್ಕರಗಾಲಿನಲ್ಲಿ ಕುಳಿತಳು.

"ಬಾಯಿ ತೆಗಿ."

ಗವಿಸಿದ್ದೇಶ ಸರ್ ಹದಿನಾಲ್ಕು ವರ್ಷದಿಂದ ದಿನಾಲೂ ಆ ಧ್ವನಿ ಕೇಳಿದವರು. ಆ ಧ್ವನಿಗೆ ಸಾವಿರ ಬಾಯಿ ತೆರೆದದ್ದನ್ನು ಕಂಡವರು. ಅವರ ತಲೆಯಲ್ಲಿ ಸಂಘ ಇತ್ತು, ಪಿಂಚಣಿ ಇತ್ತು, ಐದು ಗಂಟೆಯವರೆಗಿನ ಪ್ರತಿಜ್ಞೆಯೂ ಇತ್ತು. ಬಾಯಿ ಮಾತ್ರ ಅವರ ಅಪ್ಪಣೆ ಕೇಳದೆ ತೆರೆಯಿತು.

ಮೊಬೈಲುಗಳು ಟಕಟಕ ಎಂದವು.

"ಸರ! ಉಪವಾಸ!" ಎಂದು ಮಾಶಾಕ ಮಾಸ್ತರು ಚೀರಿದರು. ಸರ್ ಗಾಬರಿಯಾಗಿ ಉಗುಳಲು ನೋಡಿದರು.

"ಅನ್ನದ ಮ್ಯಾಲ ಉಗುಳ್ತೀರಿ? ನುಂಗ್ರಿ," ಎಂದಳು ಹನಮಂತವ್ವ. ನುಂಗಿದರು. ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೋ ಅವಮಾನಕ್ಕೋ ಅವರಿಗೇ ತಿಳಿಯಲಿಲ್ಲ. ತುತ್ತು ಇಳಿದ ಮೇಲೆ ತುಟಿ ಒರೆಸಿಕೊಂಡು, "ಇನ್ನೊಂದು ಕೊಡವ್ವ. ಹೆಂಗೂ ಕೆಟ್ಟೈತಿ," ಎಂದರು.

ಇನ್ನೊಬ್ಬರನ್ನು ಕೂಡಿಸಿ ಉಪವಾಸ ಮುಂದುವರಿಸೋಣ ಎಂದು ಮಾಶಾಕ ಮಾಸ್ತರು ಸುತ್ತ ನೋಡಿದರು. ಆದರೆ ಅಷ್ಟರಲ್ಲಿ ಡಬರಿಯ ಮುಚ್ಚಳ ತೆರೆದು, ಎಣ್ಣೆಗಾಯಿಯ ವಾಸನೆ ಕೊನೆಯ ಸಾಲಿನವರೆಗೂ ಹೋಗಿತ್ತು. ಯಾರೂ ಕೈ ಎತ್ತಲಿಲ್ಲ. ಹಾಜಿರಾಬಿ ಬಾವುಟವನ್ನು ಕಂಬಕ್ಕೆ ಆನಿಸಿ ಎದ್ದು, "ದುಡಿಯೋರೆಲ್ಲಾ ಒಂದ ಅಂದಿದ್ನಿಲ್ಲೋ?" ಎನ್ನುತ್ತ ರೊಟ್ಟಿ ಹಂಚಲು ನಿಂತಳು. ಹದಿಮೂರು ಮಂದಿಗೆಂದು ಕಟ್ಟಿದ ಬುತ್ತಿ ನೂರಕ್ಕೂ ಮಿಕ್ಕಿದ ಮಂದಿಗೆ ತಲಾ ಅರ್ಧ ರೊಟ್ಟಿಯಂತೆ ಸಾಕಾಯಿತು. ಕೊನೆಗೆ ಮಾಶಾಕ ಮಾಸ್ತರರೂ ಮೈಕು ಕೆಳಗಿಟ್ಟು ಕೈ ತೊಳೆದುಕೊಂಡರು. ಸಕ್ರಪ್ಪನಿಗೆ ಮಜ್ಜಿಗೆ ಹಂಚುವ ಕೆಲಸ ಬಂತು. ಇಲ್ಲಿಗೂ ಬಂದು ಇದೇ ಆಯಿತಲ್ಲ ಎಂದು ಗೊಣಗಿದ.

ಮರುದಿನದ ಪೇಪರಿನಲ್ಲಿ ತುತ್ತು ಬಾಯಲ್ಲಿದ್ದ ಹೆಡ್ಮಾಸ್ತರರ ಫೋಟೋ ದೊಡ್ಡದಾಗಿ ಬಂತು. 'ಅಡುಗೆಯ ತಾಯಿಯ ಕೈತುತ್ತಿನಿಂದ ಶಿಕ್ಷಕರ ಉಪವಾಸ ಅಂತ್ಯ' ಎಂಬ ಮೇಲ್ಬರಹ. ಪೇಪರು ಓದುವವರು ಮೇಲ್ಬರಹ ಮಾತ್ರ ಓದುತ್ತಾರೆ. ಮುಷ್ಕರವೇ ಮುಗಿಯಿತೆಂದು ತಾಲೂಕಿನ ಎಷ್ಟೋ ಊರುಗಳಲ್ಲಿ ತಾಯಂದಿರು ಮಕ್ಕಳಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ತಾಟು ಕೊಟ್ಟು ಕಳಿಸಿದರು. ಬೀಗ ಹಾಕಿದ ಶಾಲೆಗಳ ಮುಂದೆ ಮಕ್ಕಳು ಸಾಲುಗಟ್ಟಿ ನಿಂತವು. ಊರೂರಿನಿಂದ ಮಾಸ್ತರರಿಗೆ ಫೋನು ಶುರುವಾಯಿತು. "ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ" ಎಂದು ಚಹಾದಂಗಡಿಗಳಲ್ಲಿ ಆಡಿಕೊಂಡು ನಕ್ಕರು. ಮಾಶಾಕ ಮಾಸ್ತರು ಹೋರಾಟ ಮುಗಿದಿಲ್ಲ, ಊಟವಷ್ಟೇ ಮುಗಿದದ್ದು ಎಂದು ಸ್ಪಷ್ಟೀಕರಣ ಕೊಟ್ಟರು. ಅದನ್ನು ಯಾರೂ ಓದಲಿಲ್ಲ. ಮೂರನೆಯ ದಿನ ಮೇಲಿನ ಸಾಹೇಬರು ಬಂದು ಒಂದು ಸಮಿತಿ ಮಾಡುತ್ತೇವೆ ಎಂದರು. ಮಾಸ್ತರರು ಜಮಖಾನೆ ಸುತ್ತಿ, ಬೀಗ ತೆಗೆಯಲು ಊರಿಗೆ ಬಂದರು. ಆ ಸಮಿತಿಯೂ ಹನಮಂತವ್ವನ ಮನವಿಯ ಹಾಗೆ ಮೇಲೆಯೇ ಇದೆ.

ತಾನೇ ಮಾಸ್ತರರ ಹೋರಾಟ ಕೆಡಿಸಿದೆನೆಂದು ಹನಮಂತವ್ವನಿಗೆ ಬಹಳ ಕೆಡುಕೆನಿಸಿತು. ಶಾಲೆಯ ಒಲೆ ಹತ್ತಿಕೊಂಡಾಗ ಬಹಳ ಖುಷಿಯೂ ಆಯಿತು. ಮೊದಲ ದಿನ ನೂರಾ ಹದಿನೆಂಟು ತಾಟಿಗೆ ಬಡಿಸಿದ ಮೇಲೆ ಗವಿಸಿದ್ದೇಶ ಸರ್ ಅಡುಗೆ ಕೋಣೆಯ ಬಾಗಿಲಿಗೆ ಬಂದರು.

"ಹನಮಂತವ್ವ, ಅವತ್ತ ಮೈಕಿನ್ಯಾಗ 'ಹೋರಾಟ ನಿಮ್ಮದು' ಅಂತ ಚಾಲೂ ಮಾಡಿದ್ರಿ. ಮುಂದಿಂದು ಏನು?"

ಅವಳು ಪಾತ್ರೆಯ ಕಡೆ ತಿರುಗಿದಳು. "ಅದು ನಿಮ್ಮದ ಮಾತು ಸರ. ನಿಮಗ ಗೊತ್ತೈತಿ."

ಸರ್‌ಗೆ ಗೊತ್ತಾಯಿತು. ಮುಖ ಕೆಂಪಗಾಯಿತು. ಕರಿ ಹತ್ತಿದ ಪಾತ್ರೆ ಹಿಡಿದು ಅವಳು ಮೂರು ದಿನ ತಿಕ್ಕುತ್ತಿದ್ದದ್ದು ಅವರ ಕಣ್ಣ ಮುಂದೆ ಬಂದಿರಬೇಕು. "ತಪ್ಪಾತವ್ವ," ಎಂದರು.

"ತಪ್ಪಿಲ್ರಿ, ಖರೆ ಮಾತ ಅದು. ಖರೆ ಇದ್ದದ್ದಕ್ಕ ನನಗ ಸಿಟ್ಟು," ಎಂದು ಅವಳು ಕೈ ಒರೆಸಿಕೊಂಡಳು. "ಬರೂ ತಿಂಗಳ ನಮ್ಮ ಸಂಘದ್ದು ಐತಿ. ಹಾಜಿರಾಬಿ ತಾರೀಖು ಕೊಟ್ಟಾಳ. ಜೂನ್ ಒಂದಕ್ಕ ನನ್ನ ಮನಿಗೆ ಕಳಸ್ತೀರಿ. ಅದರೊಳಗ ಒಮ್ಮೆ ನಾ ಕೂಗೂದೈತಿ. ರಾಮವ್ವನೂ ಬರ್ತಾಳ. ಆದ್ರ ಒಲಿ ಆರಿಸಿ ಹೋಗಾಕ ಮನಸ್ಸ ಒಪ್ಪವಲ್ದು. ನೀವು ಉಪ್ಪಿಟ್ಟು ಮಾಡಾಕ ಕಲೀಬೇಕು."

ಮುಷ್ಕರ ಮಾಡುವವಳು ತನ್ನ ಜಾಗಕ್ಕೆ ತಾನೇ ಆಳು ತಯಾರು ಮಾಡುವುದು ಯಾವ ಸಂಘದ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಹಾಜಿರಾಬಿ ಕೇಳಿ ಹಣೆ ಹಣೆ ಚಚ್ಚಿಕೊಂಡಳು. ಗವಿಸಿದ್ದೇಶ ಸರ್ ಮಾತ್ರ ಒಪ್ಪಿದರು. ಮರುದಿನದಿಂದ ಶಾಲೆ ಶುರುವಾಗುವ ಮೊದಲೇ ಬಂದು, ಅಂಗಿಯ ತೋಳು ಮಡಚಿ, ಒಲೆಯ ಮುಂದೆ ನಿಲ್ಲತೊಡಗಿದರು. ಬಿ.ಎ., ಬಿ.ಎಡ್. ಮಾಡಿದವರು ವಿದ್ಯಾರ್ಥಿಯಾದರು.

"ರವಾ ಎಷ್ಟ ಹಾಕಲಿ?"

"ಇಷ್ಟ."

"ಇಷ್ಟ ಅಂದ್ರ ಎಷ್ಟ ಕಿಲೋ?"

"ಕಿಲೋ ನನಗೇನು ಗೊತ್ತು? ಕೈ ಇಲ್ಲಿ ತನಕ ಮುಳುಗಬೇಕು."

ಸರ್ ಅದನ್ನೂ ನೋಟ್ಸ್ ಬರೆದುಕೊಂಡರು. ಮೊದಲ ವಾರ ಗಂಟು ಗಂಟಾಯಿತು. ಎರಡನೆಯ ವಾರ ಗಂಜಿಯಾಯಿತು. ರಂಜನಾ ತಾಟು ಮುಂದೆ ಇಟ್ಟುಕೊಂಡು, "ಸರ, ಇದಕ್ಕ ಹತ್ತಕ್ಕ ಮೂರು," ಎಂದು ಮಾರ್ಕು ಕೊಟ್ಟಳು. "ಕೈಯಾಡಸ್ರಿ ಸರ, ತಳ ಹತ್ತತೈತಿ!" ಎಂಬ ಹನಮಂತವ್ವನ ಕೂಗು ಏಳನೆಯ ಇಯತ್ತೆಯ ಕೋಣೆಯವರೆಗೂ ಕೇಳುತ್ತಿತ್ತು. ತಮ್ಮನ್ನು ದಿನಾ ಗದರಿಸುವವರನ್ನು ಗದರಿಸುವವರೂ ಇದ್ದಾರೆಂದು ಮಕ್ಕಳಿಗೆ ಪರಮಾನಂದ.

ಮುಷ್ಕರದ ಹಿಂದಿನ ದಿನ ಸರ್ ಒಬ್ಬರೇ ಮಾಡಿದರು. ಹನಮಂತವ್ವ ಒಲೆಯ ಹತ್ತಿರ ಸುಳಿಯಲಿಲ್ಲ, ಹೊರಗೆ ಬೇವಿನ ಗಿಡದ ಕೆಳಗೆ ಸೆರಗು ತಿರುಚುತ್ತ ಕುಳಿತಳು. ಹತ್ತೊಂಬತ್ತು ವರ್ಷದಲ್ಲಿ ಆ ಶಾಲೆಯಲ್ಲಿ ಅವಳು ಯಾವತ್ತೂ ಮೊದಲು ಉಂಡವಳಲ್ಲ. ಮಕ್ಕಳೆಲ್ಲ ಎದ್ದ ಮೇಲೆ ಉಳಿದದ್ದು ಅವಳದು. ಅಂದು ಹನ್ನೆರಡೂ ನಲವತ್ತಕ್ಕೆ ಗಂಟೆ ಹೊಡೆಯಿತು. ಸರ್ ಮೊದಲ ತಾಟನ್ನು ತಂದು ಅವಳ ಮುಂದೆ ಹಿಡಿದರು. ಮಕ್ಕಳು ಸಾಲಿನಲ್ಲಿ ಕುಳಿತು ಅವಳ ಬಾಯನ್ನೇ ನೋಡುತ್ತಿದ್ದವು.

ಒಂದು ತುತ್ತು ಬಾಯಿಗಿಟ್ಟಳು. ಉಪ್ಪು ಕಡಿಮೆ. ಒಂದೆರಡು ಗಂಟೂ ಸಿಕ್ಕವು. ಆದರೆ ತಳ ಹತ್ತಿದ ವಾಸನೆ ಇರಲಿಲ್ಲ, ಅಳತೆಯೂ ಸರಿಯಾಗಿ ನೂರಾ ಹದಿನೆಂಟರದ್ದೇ. ಬೇರೆಯವರು ಬಡಿಸಿಕೊಟ್ಟದ್ದನ್ನು ಆ ಶಾಲೆಯಲ್ಲಿ ಅವಳು ಉಂಡದ್ದು ಅದೇ ಮೊದಲು. ತಾಟು ಬಳಿದು ಉಂಡಳು. ಸೊಂಟದಿಂದ ಅಡುಗೆ ಕೋಣೆಯ ಬೀಗದ ಕೈ ಬಿಚ್ಚಿ ಸರ್ ಕೈಯಲ್ಲಿಟ್ಟಳು.

"ಆತು ಬಿಡ್ರಿ ಸರ," ಎಂದಳು. "ಇನ್ನ ಧೈರ್ಯಲೆ ಹೋರಾಟಕ್ಕ ಹೋಗಬಹುದು."